ಹಿಂದಕ್ಕೆ ಹರಿಯುವ ನದಿ, ಕಾಡಿನ ಹೆಸರಿನ ವರ್ಷ

ನದಿ ಎತ್ತರದಿಂದ ತಗ್ಗಿಗೆ, ಕೊನೆಗೆ ಕಡಲಿಗೆ ಹರಿಯುತ್ತದೆ ಎಂಬುದು ಭೂಗೋಳದ ಮೊದಲ ಪಾಠ. ಕಾಂಬೋಡಿಯಾದಲ್ಲಿ ಈ ಪಾಠಕ್ಕೊಂದು ಅಪವಾದವಿದೆ. ಅಲ್ಲಿನ ಟೋನ್ಲೆ ಸಾಪ್ ನದಿ ಬೇಸಿಗೆಯುದ್ದಕ್ಕೂ ತನ್ನ ಸರೋವರದಿಂದ ಹೊರಟು ಆಗ್ನೇಯಕ್ಕೆ ಹರಿದು, ರಾಜಧಾನಿ ಫ್ನಾಮ್ ಪೆನ್ ಬಳಿ ಮೆಕಾಂಗ್ ಮಹಾನದಿಯನ್ನು ಸೇರುತ್ತದೆ. ಮಳೆಗಾಲ ಬಂದು ಮೆಕಾಂಗ್ ಉಕ್ಕಿತೆಂದರೆ ಅದರ ನೀರು ಈ ಕಿರಿಯ ನದಿಯೊಳಕ್ಕೆ ನುಗ್ಗುತ್ತದೆ. ಆಗ ಟೋನ್ಲೆ ಸಾಪ್ ಒಂದು ಕ್ಷಣ ತಡೆದು ನಿಂತಂತೆ ಮಾಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಹರಿಯತೊಡಗುತ್ತದೆ!

ಹಿಂದಕ್ಕೆ ಹರಿದ ನೀರೆಲ್ಲ ಸರೋವರವನ್ನು ಸೇರುತ್ತದೆ. ಬೇಸಿಗೆಯಲ್ಲಿ ಈ ಸರೋವರದ ವಿಸ್ತಾರ ಸುಮಾರು 2,500 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ನಗರ ಜಿಲ್ಲೆಗಿಂತ ಒಂದಿಷ್ಟು ದೊಡ್ಡದು. ಆಳ ಹೆಚ್ಚು ಕಡಿಮೆ ಒಂದು ಮೀಟರ್, ಸೊಂಟ ಮುಳುಗುವಷ್ಟು. ಅಕ್ಟೋಬರ್ ಹೊತ್ತಿಗೆ ಒಳ್ಳೆಯ ನೆರೆ ಬಂದ ವರ್ಷ ಅದೇ ಸರೋವರ ಬೆಳಗಾವಿ ಜಿಲ್ಲೆಯಷ್ಟು ಅಗಲವಾಗಿ ಹರಡಿಕೊಳ್ಳುತ್ತದೆ. ಆಳ ಒಂಬತ್ತು ಹತ್ತು ಮೀಟರ್ ಮುಟ್ಟುತ್ತದೆ. ದಂಡೆಯ ಕಾಡು ಕೊಂಬೆಯವರೆಗೂ ಮುಳುಗುತ್ತದೆ. ಮುಳುಗಿದ ಆ ಕಾಡೇ ಮೀನುಗಳ ತೊಟ್ಟಿಲು. ಎಲೆ, ಹಣ್ಣು, ಹುಳು ತಿನ್ನುತ್ತ ಮರಿಗಳು ಮರಗಳ ನಡುವೆ ಈಜಾಡಿಕೊಂಡು ಬೆಳೆಯುತ್ತವೆ. ಯುನೆಸ್ಕೋ ಸಂಸ್ಥೆ 1997ರಲ್ಲಿ ಟೋನ್ಲೆ ಸಾಪ್ ಅನ್ನು ಜೀವಗೋಲ ಮೀಸಲು ಪ್ರದೇಶವೆಂದು ಗುರುತಿಸಿದ್ದಕ್ಕೆ ಮುಖ್ಯ ಕಾರಣ ಈ ಏರಿಳಿತ.

ಕಾಂಬೋಡಿಯಾ ಎಂದೊಡನೆ ಅಂಕೋರ್‌ವಾಟ್ ದೇವಾಲಯ ನೆನಪಾಗುವುದು ಸಹಜ. ಪ್ರವಾಸಿಗರ ಕ್ಯಾಮೆರಾಗಳೂ ಅತ್ತಲೇ ತಿರುಗುತ್ತವೆ. ಆದರೆ ಆ ದೇಶವನ್ನು ತಿಳಿಯಬೇಕಾದರೆ ಕಲ್ಲಿನ ಗೋಪುರಕ್ಕಿಂತ ಅಲ್ಲಿನ ಕ್ಯಾಲೆಂಡರ್ ನೋಡುವುದು ಒಳ್ಳೆಯದು. ಒಂದಲ್ಲ, ಎರಡು ಕ್ಯಾಲೆಂಡರ್. ಬಯಲಿನ ಖ್ಮೇರ್ ಜನರದು ನೀರಿನದು. ಈಶಾನ್ಯದ ಬೆಟ್ಟಗಳಲ್ಲಿರುವ ಬುಡಕಟ್ಟುಗಳದು ಕಾಡಿನದು.

ಚೇತ್, ಪಿಸಾಕ್, ಚೇಸ್...

ಖ್ಮೇರ್ ರೈತನ ಬಾಯಲ್ಲಿ ತಿಂಗಳುಗಳ ಹೆಸರು ಕೇಳಿದರೆ ಕನ್ನಡಿಗರು ಬೆರಗಾಗಬೇಕು. ಚೇತ್, ಪಿಸಾಕ್, ಚೇಸ್, ಆಸಾತ್, ಸ್ರಾಪ್, ಫೋತ್ರಬೋತ್... ಚೈತ್ರ, ವೈಶಾಖ, ಜ್ಯೇಷ್ಠ, ಆಷಾಢ, ಶ್ರಾವಣ, ಭಾದ್ರಪದ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವರ ಲಿಪಿ ಪಲ್ಲವರ ಲಿಪಿಯಿಂದ ಬೆಳೆದದ್ದು. ನಮ್ಮ ಲಿಪಿಗೂ ಅದಕ್ಕೂ ಬ್ರಾಹ್ಮಿಯೇ ಮೂಲತಾಯಿ. ನೇಗಿಲಿಗೆ ಅವರು ಬರೆಯುವ ಪದ ‘ನಂಗಲ್’, ಪಾಲಿ ಭಾಷೆಯಿಂದ ಹೋದದ್ದು. ಪಿಸಾಕ್ ಮಾಸದಲ್ಲಿ ರಾಜಮರ್ಯಾದೆಯೊಂದಿಗೆ ಹೊನ್ನಾರು ಹೂಡುವ ಹಬ್ಬವೊಂದಿದೆ. ಉಳುಮೆಯಾದ ಮೇಲೆ ಎತ್ತುಗಳ ಮುಂದೆ ಭತ್ತ, ಜೋಳ, ಎಳ್ಳು, ಅವರೆ ಜಾತಿಯ ಕಾಳು, ಹುಲ್ಲು, ನೀರು, ಹೆಂಡ ಹೀಗೆ ಏಳು ತಟ್ಟೆ ಇಡುತ್ತಾರೆ. ಎತ್ತು ಯಾವುದಕ್ಕೆ ಬಾಯಿ ಹಾಕಿತು ಎಂಬುದರ ಮೇಲೆ ವರ್ಷದ ಬೆಳೆಯ ಭವಿಷ್ಯ. ಹೆಂಡಕ್ಕೆ ಮೂತಿ ಇಟ್ಟರೆ ಊರಿಗೆ ಗಂಡಾಂತರ ಎಂದು ನಂಬಿಕೆ.

ಭಾದ್ರಪದದ ಕೃಷ್ಣಪಕ್ಷದಲ್ಲಿ ಬರುವ ಪ್ಚುಂ ಬೆನ್ ಹಬ್ಬವಂತೂ ನಮ್ಮ ಪಿತೃಪಕ್ಷದ ಅಣ್ಣತಮ್ಮ. ‘ಬೆನ್’ ಎಂದರೆ ಪಿಂಡ. ಹದಿನೈದು ದಿನ, ನಸುಕು ಹರಿಯುವ ಮುನ್ನ ಜನ ಬುದ್ಧವಿಹಾರಕ್ಕೆ ಹೋಗಿ ಅನ್ನದ ಉಂಡೆಗಳನ್ನು ಕತ್ತಲಲ್ಲಿ ಎಸೆಯುತ್ತಾರೆ. ಪ್ರೇತಗಳಿಗೆ ಬೆಳಕು ಆಗದು, ಆದ್ದರಿಂದ ಸೂರ್ಯ ಹುಟ್ಟುವ ಮೊದಲೇ ಅವಕ್ಕೆ ಉಣಿಸಬೇಕು ಎಂಬುದು ನಂಬಿಕೆ. ಕೊನೆಯ ದಿನ ಅಮಾವಾಸ್ಯೆ. ನಮ್ಮಲ್ಲಿ ಮಹಾಲಯ ನಡೆಯುವ ಹೊತ್ತಿಗೆ ಅಲ್ಲಿಯೂ ಪಟ್ಟಣ ಸೇರಿದ ಮಕ್ಕಳು ಬಸ್ಸು ಹಿಡಿದು ಊರಿಗೆ ಬರುತ್ತಾರೆ. ಎದುರಾದವರನ್ನು ‘ಅನ್ನ ಉಂಡಿರಾ?’ ಎಂದು ಕೇಳುವುದು ಅವರ ರೂಢಿಯ ಉಪಚಾರ. ‘ಊಟ ಆಯ್ತಾ?’ ಎನ್ನುವ ನಾಡಿನವರಿಗೆ ಇದರ ಅರ್ಥ ಹೇಳಿಕೊಡಬೇಕಿಲ್ಲ.

ಭತ್ತ ಅವರ ಉಸಿರು. ಸರೋವರದ ಅಂಚಿನಲ್ಲಿ ನೆರೆಯೊಂದಿಗೆ ಪೈಪೋಟಿ ಮಾಡುವ ಭತ್ತದ ತಳಿಗಳಿವೆ. ನೀರು ಏರಿದಂತೆಲ್ಲ ಇವುಗಳ ಕಾಂಡ ಉದ್ದವಾಗುತ್ತ ಹೋಗಿ, ತೆನೆಯ ಭಾಗ ಮಾತ್ರ ನೀರಿನ ಮೇಲೆ ತೇಲುತ್ತದೆ. ಕಾಂಡ ಕೆಲವು ಮೀಟರ್ ಉದ್ದ ಬೆಳೆಯುವುದುಂಟು. ಇಳುವರಿ ಕಡಿಮೆ. ಆದರೆ ಗೊಬ್ಬರ ಬೇಡ, ನೆರೆ ತಂದ ಮೆಕ್ಕಲು ಸಾಕು. ಗದ್ದೆಯ ಬದುಗಳ ಮೇಲೆ ಸಾಲುಸಾಲು ತಾಳೆ ಮರಗಳು. ಬಿದಿರಿನ ಏಣಿ ಕಟ್ಟಿ ಹತ್ತಿ, ರಸ ಇಳಿಸಿ, ಒಲೆಯ ಮೇಲೆ ಕಾಯಿಸಿ ಬೆಲ್ಲ ಮಾಡುತ್ತಾರೆ. 2005ರಲ್ಲಿ ತಾಳೆ ಅಲ್ಲಿನ ರಾಷ್ಟ್ರವೃಕ್ಷವಾಯಿತು. ಕಂಪೋಂಗ್ ಸ್ಪೂ ಪ್ರಾಂತದ ತಾಳೆ ಬೆಲ್ಲಕ್ಕೆ 2010ರಲ್ಲಿ ಭೌಗೋಳಿಕ ಗುರುತು ದೊರೆಯಿತು.

ಕಾರ್ತಿಕ ಮಾಸದ ಹುಣ್ಣಿಮೆಯ ಹೊತ್ತಿಗೆ ನೀರು ಮತ್ತೆ ತಿರುಗುತ್ತದೆ. ಆಗ ದೋಣಿ ಪಂದ್ಯಗಳ ಹಬ್ಬ. ಅದಾದ ಬಳಿಕ ಇಳಿಯುವ ನೀರಿನೊಂದಿಗೆ ಮೀನುಗಳು ಸರೋವರ ಬಿಟ್ಟು ಮೆಕಾಂಗ್ ಕಡೆಗೆ ಹೊರಡುತ್ತವೆ. ನದಿಗೆ ಅಡ್ಡಲಾಗಿ ಸಾಲಾಗಿ ಕಟ್ಟಿದ ‘ದಾಯ್’ ಎಂಬ ದೊಡ್ಡ ಚೀಲಬಲೆಗಳು ಕಾದಿರುತ್ತವೆ. ಡಿಸೆಂಬರ್, ಜನವರಿಗಳಲ್ಲಿ ಹುಣ್ಣಿಮೆಗೆ ಮುಂಚಿನ ಕೆಲವು ದಿನಗಳಲ್ಲಿ ಮೀನು ರಾಶಿ ರಾಶಿ ಬೀಳುತ್ತದೆ ಎಂಬುದು ಪ್ರತಿ ಮೀನುಗಾರನಿಗೂ ಗೊತ್ತು. ಹೆಚ್ಚಾಗಿ ಸಿಗುವುದು ರಿಯೆಲ್ ಎಂಬ ಪುಟ್ಟ ಬಿಳಿ ಮೀನು. ದೇಶದ ನಾಣ್ಯದ ಹೆಸರೂ ರಿಯೆಲ್! ಮೀನಿನಿಂದಲೇ ನಾಣ್ಯಕ್ಕೆ ಹೆಸರು ಬಂತು ಎಂದು ಜನ ಹೇಳುತ್ತಾರೆ. ಹಿಂದೆ ದೂರದ ಹಳ್ಳಿಗಳ ರೈತರು ಈ ಹೊತ್ತಿಗೆ ಎತ್ತಿನ ಗಾಡಿಯಲ್ಲಿ ಅಕ್ಕಿ ಹೇರಿಕೊಂಡು ನದಿಗೆ ಬಂದು, ಬದಲಿಗೆ ಮೀನು ಒಯ್ಯುತ್ತಿದ್ದರು. ತಲೆ ತೆಗೆದು, ತುಳಿದು, ಉಪ್ಪು ಬೆರೆಸಿ ಜಾಡಿಯಲ್ಲಿ ಹುಳಿಯಲು ಬಿಟ್ಟರೆ ಅದು ಪ್ರಹೋಕ್. ಮುಂದಿನ ನೆರೆಯವರೆಗೆ ಅನ್ನಕ್ಕೆ ನಂಜಿಕೊಳ್ಳಲು ಅದೇ ಗತಿ. ವಾಸನೆ ಹೊಸಬರಿಗೆ ತಡೆಯುವಂಥದಲ್ಲ, ಅದು ಬೇರೆ ಮಾತು.

ದೋಣಿಗೆ ಬಳಿಯುವ ಅಂಟು ಎಲ್ಲಿಂದ?

ಇಷ್ಟೆಲ್ಲ ಮೀನು ಹಿಡಿಯಲು ದೋಣಿ ಬೇಕು. ಮರದ ದೋಣಿಯ ಹಲಗೆಗಳ ನಡುವೆ ನೀರು ಜಿನುಗದಂತೆ ಸಂದುಗಳಿಗೆ ಮೆತ್ತಲು ಅಂಟು ಬೇಕು. ಅದು ಸರೋವರದ ಬಳಿ ಸಿಗುವುದಿಲ್ಲ. ದೂರದ ಕಾಡುಗಳಿಂದ ಬರಬೇಕು.

ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ಕುಟುಂಬಕ್ಕೇ ಸೇರಿದ ಹೆಮ್ಮರವೊಂದು ಕಾಂಬೋಡಿಯಾದ ಕಾಡುಗಳಲ್ಲಿದೆ. ಖ್ಮೇರರು ಅದನ್ನು ಛುತಿಯಾಲ್ ಎನ್ನುತ್ತಾರೆ. ಬುನಾಂಗ್, ಕುಯ್ ಮೊದಲಾದ ಬುಡಕಟ್ಟಿನವರೂ ಕಾಡಂಚಿನ ಖ್ಮೇರರೂ ಇದರ ಬುಡದಲ್ಲಿ ಗೂಡಿನಂತೆ ಕುಳಿ ಕೊರೆದು, ಅದರೊಳಗೆ ಕೆಲವೇ ನಿಮಿಷ ಬೆಂಕಿ ಹಚ್ಚಿ ಆರಿಸುತ್ತಾರೆ. ಶಾಖಕ್ಕೆ ಮರ ಬೆವತಂತೆ ರಾಳ ಒಸರಿ ಕುಳಿಯಲ್ಲಿ ತುಂಬಿಕೊಳ್ಳುತ್ತದೆ. ಕೆಲವು ದಿನ ಬಿಟ್ಟು ಹೋಗಿ ಮೊಗೆದುಕೊಂಡು, ಮತ್ತೆ ಬೆಂಕಿ ತೋರಿಸಿ ಬರುತ್ತಾರೆ. ಹದವರಿತು ಮಾಡಿದರೆ ಒಂದೇ ಮರ ದಶಕಗಳ ಕಾಲ ರಾಳ ಕೊಡುತ್ತದೆ. ಯಾವ ಮರ ಯಾರ ಮನೆಯದು ಎಂಬುದಕ್ಕೆ ಕಾಗದಪತ್ರವಿಲ್ಲ, ಆದರೂ ಊರಿಗೆಲ್ಲ ಗೊತ್ತು. ಮೊದಲು ಕುಳಿ ಕೊರೆದವನದು ಮರ. ಅವನ ಬಳಿಕ ಮಕ್ಕಳದು.

ಹೀಗೆ ಕಾಡಿನ ರಾಳ ಇಳಿದು ಬಂದು ಬಯಲಿನ ದೋಣಿಗೆ ಅಂಟಾಗುತ್ತದೆ, ಎಲೆಯಲ್ಲಿ ಸುತ್ತಿದರೆ ದೊಂದಿಯಾಗುತ್ತದೆ. ವಾರ್ನಿಷ್, ಬಣ್ಣಗಳ ತಯಾರಿಕೆಗೆ ವಿಯೆಟ್ನಾಮಿಗೂ ಹೋಗುತ್ತದೆ. ಬೆಟ್ಟದವರಿಗೆ ಉಪ್ಪು, ಬಟ್ಟೆ, ಮಕ್ಕಳ ಔಷಧಿಗೆ ಕಾಸು ಹುಟ್ಟುವ ದಾರಿಗಳಲ್ಲಿ ಇದೂ ಒಂದು. ಇಂಥ ಮರಗಳನ್ನು ಕಡಿಯಬಾರದೆಂದು 2002ರ ಅರಣ್ಯ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅದೇ ಮರದ ದಿಮ್ಮಿಗೆ ಪ್ಲೈವುಡ್ ಕಾರ್ಖಾನೆಯಲ್ಲಿ ಬೆಲೆ ಇದೆ. ಕಾನೂನಿಗಿಂತ ಗರಗಸ ಬೇಗ ಕಾಡು ಹೊಕ್ಕ ಪ್ರಸಂಗಗಳಿಗೆ ಅಲ್ಲಿ ಲೆಕ್ಕವಿಲ್ಲ.

ಉಂಡ ಕಾಡಿನ ಹೆಸರು

ಈ ಬುಡಕಟ್ಟುಗಳ ತವರು ಈಶಾನ್ಯದ ರತನಕಿರಿ ಮತ್ತು ಮೊಂಡುಲಕಿರಿ ಪ್ರಾಂತಗಳು. ರತ್ನಗಿರಿ, ಮಂಡಲಗಿರಿ! 1960ರ ಆಸುಪಾಸಿನಲ್ಲಿ ಪ್ರಾಂತಗಳನ್ನು ರಚಿಸಿದಾಗ ಸರಕಾರ ಇಟ್ಟ ಹೆಸರುಗಳಿವು. ಮೊಂಡುಲಕಿರಿಯ ಮುಖ್ಯ ಪಟ್ಟಣ ಸೆನ್ ಮೊನೊರೊಮ್, ಅಂದರೆ ಮನೋರಮ. ಹೆಸರು ಸುಳ್ಳಲ್ಲ. ಸುತ್ತ ಅಲೆಅಲೆಯಾಗಿ ಹಬ್ಬಿದ ಹುಲ್ಲುಗುಡ್ಡಗಳು, ಮುಂಜಾನೆಯ ಮಂಜು, ಕಣಿವೆಗಳಲ್ಲಿ ದಟ್ಟ ಕಾಡು. ಬಾಬಾಬುಡನ್‌ಗಿರಿಯನ್ನು ಕಂಡವರು ಇದನ್ನು ಊಹಿಸಿಕೊಳ್ಳಬಹುದು. ರತನಕಿರಿಯದು ಬೇರೆ ಚೆಲುವು. ಹಳೆಯ ಜ್ವಾಲಾಮುಖಿಯ ಕೆಂಪು ಮಣ್ಣು, ಬೇಸಿಗೆಯಲ್ಲಿ ಎಲೆ, ಮನೆ, ಮಕ್ಕಳ ಕೂದಲು ಎಲ್ಲಕ್ಕೂ ಕೆಂಧೂಳಿನ ಲೇಪ. ಪ್ರಾಂತದ ಕೇಂದ್ರವಾದ ಬಾನ್‌ಲುಂಗ್ ಪಕ್ಕದಲ್ಲಿ ಜ್ವಾಲಾಮುಖಿಯ ಬಾಯಿಯೇ ಕೆರೆಯಾಗಿದೆ. ಕೈವಾರದಲ್ಲಿ ಎಳೆದಂತೆ ದುಂಡಗಿರುವ ಯಾಕ್ ಲೌಮ್ ಸರೋವರವದು. ತಾಂಪುವನ್ ಬುಡಕಟ್ಟಿಗೆ ಅದು ದೈವದ ಜಾಗ.

ಬುನಾಂಗ್, ತಾಂಪುವನ್, ಕ್ರೆಂಗ್, ಬ್ರಾವ್, ಜರಾಯ್ ಹೀಗೆ ಇಲ್ಲಿ ಹಲವು ಜನ. ಜರಾಯ್ ಬಿಟ್ಟರೆ ಉಳಿದವರ ನುಡಿಗಳು ಖ್ಮೇರ್ ಭಾಷೆಯ ಬಳಗದವೇ. ಆ ದೊಡ್ಡ ಬಳಗದ ನೆಂಟರು ಭಾರತದಲ್ಲೂ ಇದ್ದಾರೆ, ಮೇಘಾಲಯದ ಖಾಸಿ, ಛೋಟಾ ನಾಗಪುರದ ಮುಂಡಾರಿ. ನೆಂಟಸ್ತನವಿದ್ದರೂ ಬಯಲಿನವರಿಗೆ ಬೆಟ್ಟದವರೆಂದರೆ ಅಸಡ್ಡೆ. ಬುನಾಂಗರಿಗೆ ಖ್ಮೇರರು ಇಟ್ಟ ‘ಫ್ನಾಂಗ್’ ಎಂಬ ಹೆಸರು ಆಡುಮಾತಿನಲ್ಲಿ ‘ಕಾಡು ಮನುಷ್ಯ’ ಎಂಬ ಬೈಗುಳವೇ ಆಗಿಹೋಯಿತು.

ಅವರ ಬೇಸಾಯ ನಮ್ಮ ಮಲೆನಾಡಿನಲ್ಲಿ ಹಿಂದೆ ಇದ್ದ ಕುಮರಿಯಂಥದು. ಮಾಗಿಯ ಕೊನೆಗೆ ಕಾಡಿನ ಒಂದು ತುಂಡು ಗುರುತಿಸುತ್ತಾರೆ. ಆ ರಾತ್ರಿ ಹಿರಿಯನಿಗೆ ಬಿದ್ದ ಕನಸು ಕೆಟ್ಟದಾದರೆ ಅಲ್ಲಿನ ದೈವ ಒಪ್ಪಲಿಲ್ಲವೆಂದು ಅರ್ಥ, ಆ ಜಾಗ ಬಿಟ್ಟುಬಿಡಬೇಕು. ಒಪ್ಪಿದರೆ ಸವರಿ, ಒಣಗಿಸಿ, ಬೇಸಿಗೆಯಲ್ಲಿ ಸುಡುತ್ತಾರೆ. ಮೊದಲ ಮಳೆ ಬಿದ್ದಾಗ ಗಂಡಸರು ಮೊನೆಗೋಲಿನಿಂದ ಗುಳಿ ಹೊಡೆಯುತ್ತ ಮುಂದೆ ಹೋದರೆ ಹೆಂಗಸರು ಹಿಂದಿನಿಂದ ಬೀಜ ಉದುರಿಸುತ್ತ ಬರುತ್ತಾರೆ. ಭತ್ತದ ಜೊತೆಯಲ್ಲೇ ಕುಂಬಳ, ಸೋರೆ, ಸೌತೆ, ಮುಸುಕಿನ ಜೋಳ, ಎಳ್ಳು, ಬದನೆ, ಬಾಳೆ. ಎರಡು ಮೂರು ವರ್ಷ ಬೆಳೆದ ಮೇಲೆ ಮಣ್ಣು ದಣಿಯುತ್ತದೆ, ಕಳೆ ಏರುತ್ತದೆ. ಆಗ ಆ ನೆಲವನ್ನು ಕಾಡಿಗೇ ಮರಳಿಸಿ ಬೇರೆಡೆ ಹೋಗುತ್ತಾರೆ. ಹತ್ತು ಹದಿನೈದು ವರ್ಷದ ಬಳಿಕ ಮರಗಳು ಎದ್ದಾಗ ಮತ್ತೆ ಅಲ್ಲಿಗೇ ಬರುತ್ತಾರೆ. ಕೆಲವು ಕಾಡುಗಳಿಗೆ ಮಾತ್ರ ಯಾರೂ ಕತ್ತಿ ಇಡುವಂತಿಲ್ಲ. ಅವು ದೈವದ ಕಾಡು, ಸತ್ತವರನ್ನು ಹೂಳುವ ಕಾಡು. ಕೊಡಗಿನ ದೇವರಕಾಡುಗಳನ್ನು ಬಲ್ಲವರಿಗೆ ಇದು ಹೊಸತಲ್ಲ.

ಫ್ರಾನ್ಸಿನ ಮಾನವಶಾಸ್ತ್ರಜ್ಞ ಜಾರ್ಜ್ ಕೊಂಡೊಮಿನಾಸ್ 1948-49ರಲ್ಲಿ ಗಡಿಯಾಚೆ, ವಿಯೆಟ್ನಾಮಿನ ಸಾರ್ ಲುಕ್ ಎಂಬ ಹಳ್ಳಿಯಲ್ಲಿ ಬುನಾಂಗರ ಬಳಗದವರೇ ಆದ ಮ್ನಾಂಗ್ ಗಾರ್ ಜನರ ನಡುವೆ ಬದುಕಿ ಅವರ ದಿನಚರಿ ಬರೆದಿಟ್ಟರು. 1957ರಲ್ಲಿ ಅದು ‘ನಾವು ಕಾಡನ್ನು ಉಂಡೆವು’ ಎಂಬರ್ಥದ ಹೆಸರಿನ ಪುಸ್ತಕವಾಯಿತು. ಹೆಸರು ಲೇಖಕರ ಕಲ್ಪನೆಯಲ್ಲ. ಆ ಜನ ವರ್ಷಗಳಿಗೆ ಅಂಕಿ ಕೊಡುತ್ತಿರಲಿಲ್ಲ. ಯಾವ ವರ್ಷ ಯಾವ ಕಾಡು ಸವರಿ ಉಂಡರೋ ಆ ಕಾಡಿನ ಹೆಸರೇ ಆ ವರ್ಷದ ಹೆಸರು. ಮಗು ಹುಟ್ಟಿದ್ದು, ಮುದುಕ ಸತ್ತದ್ದು, ಎಮ್ಮೆ ಬಲಿ ಕೊಟ್ಟದ್ದು ಎಲ್ಲವೂ ‘ಇಂಥ ಕಾಡು ಉಂಡ ವರ್ಷ’. ಹೀಗಾಗಿ ಹಳ್ಳಿಯ ಸುತ್ತಲಿನ ಬೆಟ್ಟವೇ ಅವರ ಇತಿಹಾಸದ ಪುಸ್ತಕ. ಒಂದೊಂದು ಇಳಿಜಾರು ಒಂದೊಂದು ಪುಟ.

ಈ ಪದ್ಧತಿಯಲ್ಲಿ ಒಂದು ತೊಡಕು ಇದೆ. ವಿದ್ಯಾರ್ಥಿಗಳು ಸಣ್ಣದೊಂದು ಲೆಕ್ಕ ಮಾಡಿ ನೋಡಬಹುದು. ಒಂದು ಕುಟುಂಬ ಮೂರು ವರ್ಷ ಬೆಳೆದು ಹದಿನೈದು ವರ್ಷ ಬಿಡುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು ಸುತ್ತು ಹದಿನೆಂಟು ವರ್ಷ. ಅಂದರೆ ಆರು ತುಂಡು ನೆಲ ಬೇಕು. ಯಾವ ವರ್ಷ ನೋಡಿದರೂ ಬೆಳೆ ಕಾಣುವುದು ಒಂದೇ ತುಂಡಿನಲ್ಲಿ, ಉಳಿದ ಐದರಲ್ಲಿ ಪೊದೆ, ಬಿದಿರು, ಎಳೆಯ ಮರ. ಮನೆಯವರ ಕಣ್ಣಿಗೆ ಐದೂ ತುಂಬಿದ ಕಣಜ. ನಕ್ಷೆ ಹಿಡಿದು ಬಂದ ಅಧಿಕಾರಿಯ ಕಣ್ಣಿಗೆ ಅದು ಪಾಳು ನೆಲ! ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಕೆನರಾ ಜಿಲ್ಲೆಯಲ್ಲಿ ಕುಮರಿಗೆ ಕಡಿವಾಣ ಹಾಕಿದಾಗಲೂ ಕಂಡದ್ದು ಇಂಥದೇ ಕಣ್ಣು.

ಪಾಳೆಂದು ಕಂಡ ನೆಲಕ್ಕೆ

ಕೆಂಪು ಮಣ್ಣು ರಬ್ಬರಿಗೆ ಹೇಳಿ ಮಾಡಿಸಿದಂಥದು. 1960ರ ದಶಕದಲ್ಲೇ ಸರಕಾರ ರತನಕಿರಿಯಲ್ಲಿ ರಬ್ಬರ್ ತೋಟ ಎಬ್ಬಿಸಿತು. ನೆಲ ಕಳೆದುಕೊಂಡವರ ಸಿಟ್ಟು 1968ರಲ್ಲಿ ದಂಗೆಯಾಯಿತು, ಸೈನ್ಯ ಅದನ್ನು ಹತ್ತಿಕ್ಕಿತು. 1969ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಪೂರ್ವದ ಕಾಡುಗಳ ಮೇಲೆ ಬಾಂಬು ಸುರಿದವು. ಬಳಿಕ ಬಂದದ್ದು 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಳ್ವಿಕೆ. ಹೆಕ್ಟೇರಿಗೆ ಮೂರು ಟನ್ ಭತ್ತ ಎಂಬ ಹುಚ್ಚು ಗುರಿ ಇಟ್ಟುಕೊಂಡು ಪಟ್ಟಣದವರನ್ನು ಗದ್ದೆಗೆ ಅಟ್ಟಿದ ಕಾಲವದು. ಬೆಟ್ಟದ ಬುನಾಂಗರನ್ನೂ ಬಿಡಲಿಲ್ಲ. ಹಳ್ಳಿಗೆ ಹಳ್ಳಿಯನ್ನೇ ಕೊಹ್ ನ್ಹೆಕ್ ಎಂಬ ತಗ್ಗು ಪ್ರದೇಶಕ್ಕೆ ಸಾಗಿಸಿ ಕೆಸರು ಗದ್ದೆಯಲ್ಲಿ ದುಡಿಸಿದರು. ದೈವಕ್ಕೆ ಹರಕೆ ಇಲ್ಲ, ವಿಹಾರಕ್ಕೆ ಭಿಕ್ಷು ಇಲ್ಲ, ಮಕ್ಕಳಿಗೆ ಶಾಲೆ ಇಲ್ಲ. ದೇಶದಲ್ಲಿ ಸತ್ತವರು ಸುಮಾರು 17 ಲಕ್ಷ ಎಂದು ಅಂದಾಜು. ಉಳಿದವರು ಬೆಟ್ಟಕ್ಕೆ ಹಿಂದಿರುಗಿ ಹಳೆಯ ಕಾಡುಗಳ ಹೆಸರು ನೆನಪಿಸಿಕೊಂಡು ಬದುಕು ಕಟ್ಟಿದರು.

2001ರಲ್ಲಿ ಹೊಸ ಭೂ ಕಾನೂನು ಬಂತು. ಬುಡಕಟ್ಟು ಸಮುದಾಯಗಳು ತಮ್ಮ ನೆಲವನ್ನು, ಬೀಡು ಬಿಟ್ಟ ಕುಮರಿಯನ್ನೂ ಸೇರಿಸಿ, ಊರೊಟ್ಟಿನ ಹೆಸರಿಗೆ ಮಾಡಿಸಿಕೊಳ್ಳಬಹುದು ಎಂದು ಅದು ಒಪ್ಪಿತು. ಆಗ್ನೇಯ ಏಷ್ಯಾದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಮೊದಲ ಹಕ್ಕುಪತ್ರಗಳು ಜನರ ಕೈ ಸೇರಿದ್ದು ಹತ್ತು ವರ್ಷದ ಬಳಿಕ, 2011ರಲ್ಲಿ. (ಕಾಕತಾಳೀಯವೆಂಬಂತೆ ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆತದ್ದೂ ಅದೇ ವರ್ಷ.) ನಡುವಿನ ಹತ್ತು ವರ್ಷದಲ್ಲಿ ಅದೇ ಕಾನೂನಿನ ಇನ್ನೊಂದು ಅವಕಾಶ ಬಳಸಿ ಕಂಪನಿಗಳು ಸಾವಿರಾರು ಹೆಕ್ಟೇರ್‌ಗಳ ಗುತ್ತಿಗೆ ಪಡೆದು ರಬ್ಬರ್ ನೆಟ್ಟಿದ್ದವು. 2012ರಲ್ಲಿ ಸರಕಾರ ಹೊಸ ಗುತ್ತಿಗೆಗಳನ್ನು ನಿಲ್ಲಿಸಿತು. ನೆಟ್ಟ ರಬ್ಬರ್ ಹಾಗೇ ನಿಂತಿದೆ. ಬುಡಕಟ್ಟಿನವರೂ ಕಾಡು ಸವರಿ ಗೇರು ಹಾಕಿದ್ದಾರೆ, ಇದನ್ನು ಮುಚ್ಚಿಡಬೇಕಿಲ್ಲ. ಗೇರು ಕಾಸು ತರುತ್ತದೆ. ಗಿಡ ನಿಂತ ನೆಲ ಪಾಳೆಂದು ಯಾರೂ ಹೇಳಲಾರರು ಎಂಬ ಧೈರ್ಯವೂ ಇದೆ. ಆದರೆ ಗೇರಿನ ತೋಟ ಸುತ್ತು ತಿರುಗುವುದಿಲ್ಲ. ವರ್ಷಕ್ಕೆ ಹೆಸರು ಕೊಡುವ ಹೊಸ ಕಾಡು ಅಲ್ಲಿ ಹುಟ್ಟುವುದಿಲ್ಲ.

ನೀರಿನ ಕ್ಯಾಲೆಂಡರೂ ಈಚೆಗೆ ತಪ್ಪುತ್ತಿದೆ. 2015ರಲ್ಲಿ ನದಿಯಲ್ಲಿ ನೀರು ಸಾಲದೆ ದೋಣಿ ಹಬ್ಬವನ್ನೇ ಕೈಬಿಟ್ಟರು. 2019 ಮತ್ತು 2020ರಲ್ಲಿ ನದಿ ಹಿಂದಕ್ಕೆ ತಿರುಗಿದ್ದು ತಡವಾಗಿ. ಮಳೆ ಕೈಕೊಟ್ಟದ್ದು ಒಂದು ಕಾರಣ, ಮೇಲ್ಗಡೆಯ ಅಣೆಕಟ್ಟೆಗಳು ನೀರು ಹಿಡಿದಿಟ್ಟದ್ದು ಇನ್ನೊಂದು. ಯಾವುದರ ಪಾಲು ಎಷ್ಟು ಎಂಬ ವಾದ ನಡೆದೇ ಇದೆ. 2020ರಲ್ಲಿ ಕಾಂಬೋಡಿಯಾ ತನ್ನ ಭಾಗದ ಮೆಕಾಂಗಿನ ಮೇಲೆ ಹತ್ತು ವರ್ಷ ಅಣೆಕಟ್ಟೆ ಕಟ್ಟುವುದಿಲ್ಲ ಎಂದು ಹೇಳಿತು.

ಉಪನದಿಗಳಿಗೆ ಆ ಮಾತು ತಡವಾಗಿತ್ತು. ಬೆಟ್ಟದಿಂದ ಇಳಿಯುವ ಸೆಸಾನ್ ನದಿಗೆ ಸ್ರೆಪೋಕ್ ಕೂಡುವ ಜಾಗದ ಕೆಳಗೆ 400 ಮೆಗಾವಾಟಿನ ಅಣೆಕಟ್ಟೆ 2018ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಸುಮಾರು 5,000 ಜನ ಎದ್ದು ಹೋಗಬೇಕಾಯಿತು. ಮುಳುಗಿದ ಊರುಗಳಲ್ಲಿ ಬುನಾಂಗರ ಕ್ಬಾಲ್ ರೊಮಿಯಾಸ್ ಒಂದು. ‘ಖಡ್ಗಮೃಗದ ತಲೆ’ ಎಂದು ಆ ಹೆಸರಿನ ಅರ್ಥ. ಹೊಸ ಮನೆ, ಟಾರು ರಸ್ತೆ, ಪರಿಹಾರದ ಹಣ ಎಲ್ಲವೂ ಸಿದ್ಧವಿತ್ತು. ಬಹಳ ಜನ ಹೋದರು. ಕೆಲವು ಹತ್ತಾರು ಕುಟುಂಬಗಳು ಮಾತ್ರ ಒಪ್ಪಲಿಲ್ಲ. ಹಿರಿಯರ ಸಮಾಧಿಗಳನ್ನು ಬಿಟ್ಟು ಹೋಗಲಾರೆವು ಎಂದವರು ನೀರು ಏರಿದಾಗ ಸಮೀಪದ ಎತ್ತರಕ್ಕೆ ಸರಿದು ಅಲ್ಲೇ ಮನೆ ಕಟ್ಟಿಕೊಂಡರು. ಸಮಾಧಿಗಳು ಇರುವುದು ನೀರಿನ ಕೆಳಗೆ. ಮೀನುಗಳು ಸರೋವರದಿಂದ ಮೆಕಾಂಗ್ ಹಾದು ಸೆಸಾನಿಗೆ ಏರುತ್ತಿದ್ದ ದಾರಿಯೂ ಅಲ್ಲಿಗೆ ಕಟ್ಟಿತು. ಬಯಲಿನ ನಷ್ಟ, ಬೆಟ್ಟದ ನಷ್ಟ ಎಂದು ಬೇರೆ ಮಾಡಿ ಬರೆಯಲು ಇಲ್ಲಿ ಆಗುವುದಿಲ್ಲ.

ಇಷ್ಟರ ನಡುವೆ ಸದ್ದಿಲ್ಲದ ಕೆಲಸವೊಂದು ಶಾಲೆಗಳಲ್ಲಿ ನಡೆದಿದೆ. ಬೆಟ್ಟದ ಮಗು ಒಂದನೆಯ ತರಗತಿಗೆ ಹೋದಾಗ ಮೇಷ್ಟ್ರು ಆಡುವ ಖ್ಮೇರ್ ಅದಕ್ಕೆ ಪರಭಾಷೆ. ಅರ್ಥವಾಗದೆ ಕೂತು, ಬೇಸತ್ತು, ಶಾಲೆ ಬಿಡುವುದೇ ಹೆಚ್ಚು. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಬುನಾಂಗ್, ತಾಂಪುವನ್, ಕ್ರೆಂಗ್ ನುಡಿಗಳಿಗೆ ಅಲ್ಲಿನ ಶಾಲೆಗಳಲ್ಲಿ ಬರಹವೇ ಇರಲಿಲ್ಲ. 2003ರಲ್ಲಿ ಇವನ್ನು ಖ್ಮೇರ್ ಅಕ್ಷರಗಳಲ್ಲೇ ಬರೆಯುವ ಕ್ರಮಕ್ಕೆ ಸರಕಾರದ ಒಪ್ಪಿಗೆ ಸಿಕ್ಕಿತು. ಮೊದಲ ವರ್ಷ ಬಹುಪಾಲು ಪಾಠ ಮನೆಮಾತಿನಲ್ಲಿ, ಎರಡನೆಯ ವರ್ಷ ಸ್ವಲ್ಪ ಕಡಿಮೆ, ಮೂರನೆಯ ವರ್ಷ ಇನ್ನೂ ಕಡಿಮೆ, ನಾಲ್ಕನೆಯ ತರಗತಿಯಿಂದ ಪೂರ್ತಿ ಖ್ಮೇರ್. ಇದು ಸಾಕೇ ಎಂದು ಕೇಳುವವರಿದ್ದಾರೆ, ಇದೂ ಏಕೆ ಎಂದು ಕೇಳುವವರೂ ಇದ್ದಾರೆ. ಮಗ ಖ್ಮೇರ್ ಕಲಿತರೆ ತಾನೇ ಸಂತೆಯಲ್ಲಿ ಮೋಸ ಹೋಗುವುದಿಲ್ಲ, ಕಂಪನಿಯವರು ತಂದ ಕಾಗದ ಓದಿ ಹೆಬ್ಬೆಟ್ಟು ಒತ್ತುವ ಮೊದಲು ಯೋಚಿಸುತ್ತಾನೆ ಎಂಬ ಲೆಕ್ಕ ಬುಡಕಟ್ಟಿನ ತಂದೆತಾಯಿಯರಿಗೂ ತಿಳಿದದ್ದೇ.

ಆದರೆ ಮನೆಮಾತಿನಲ್ಲಿ ಕಲಿಸಲು ಮೇಷ್ಟ್ರು ಎಲ್ಲಿಂದ ಬರಬೇಕು? ಎಷ್ಟೋ ಹಳ್ಳಿಗಳಲ್ಲಿ ಹೈಸ್ಕೂಲು ಮುಗಿಸಿದವರು ಒಬ್ಬರೂ ಇರಲಿಲ್ಲ. ಕಡೆಗೆ ಊರಿನವರೇ ಕೂಡಿ, ನಾಲ್ಕಕ್ಷರ ಬಲ್ಲ ತಮ್ಮ ಹುಡುಗ ಹುಡುಗಿಯರನ್ನು ಆರಿಸಿ ಕೊಟ್ಟರು. ಅವರಿಗೆ ತರಬೇತಿ ಕೊಟ್ಟು ಸ್ಲೇಟು, ಬಳಪ, ಹೊಸದಾಗಿ ಅಚ್ಚಾದ ಓದುವ ಪುಸ್ತಕ ಕೈಗಿಟ್ಟು ತರಗತಿಗೆ ಕಳಿಸಿದರು. ಅಂಥವರಲ್ಲಿ ಹಲವರು ಮುಂದೆ ಸರಕಾರದ ಗುತ್ತಿಗೆ ಶಿಕ್ಷಕರಾಗಿ ಸಂಬಳದ ಪಟ್ಟಿ ಸೇರಿದರು. ಬಿತ್ತನೆಯ ಹೊತ್ತಿನಲ್ಲಿ ಬೆಳಿಗ್ಗೆ ಪಾಠ ಮುಗಿಸಿ, ಮಧ್ಯಾಹ್ನ ತಮ್ಮ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರ ಜೊತೆಯಲ್ಲೇ ಗುಡ್ಡ ಹತ್ತುವ ಮೇಷ್ಟ್ರುಗಳು ಅವರು.